ರಾಕ್ಷಸನಿಗೆ ಹಗಲು ಹೊತ್ತಿನ ಪರವಾನಗಿ

ನಮ್ಮ ಮನೆಯವರು ರಾಕ್ಷಸ. ಹೊಸಬರಿಗೆ ಹೀಗೆ ಹೇಳಿದರೆ ಹೌಹಾರಿ, ಆಮೇಲೆ ನನ್ನತ್ತ ಕನಿಕರದಿಂದ ನೋಡುತ್ತಾರೆ. ವಾರವೆಲ್ಲ ಯಶವಂತಪುರದ ಆಚೆಯ ಕಾರ್ಖಾನೆಯಲ್ಲಿ ಲೇತ್ ಮೆಷಿನ್ ಮುಂದೆ ನಿಲ್ಲುವ, ಮನೆಯಲ್ಲಿ ಜಿರಲೆ ಕಂಡರೆ ನನ್ನನ್ನು ಕೂಗಿ ಕರೆಯುವ ಮನುಷ್ಯ ಅವರು. ಆದರೆ ವರ್ಷಕ್ಕೊಮ್ಮೆ ಉತ್ತರ ಕರ್ನಾಟಕದ ನಮ್ಮೂರಿನ ದೊಡ್ಡಾಟದಲ್ಲಿ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು, ರಾಜಕುಮಾರಿಯನ್ನು ಹೊತ್ತೊಯ್ದ ರಾಕ್ಷಸನಾಗಿ ಬರುತ್ತಾರೆ, ಕುಣಿಯುತ್ತಾರೆ, ಸಾಯುತ್ತಾರೆ.

ಸಾಯುವುದನ್ನು ಮಾತ್ರ ಯಾರೂ ನೋಡಿರಲಿಲ್ಲ.

ದೊಡ್ಡಾಟವೆಂದರೆ ರಾತ್ರಿ ಊಟ ಮುಗಿದ ಮೇಲೆ ಶುರುವಾಗಿ ಬೆಳಕು ಹರಿಯುವವರೆಗೆ ನಡೆಯುವ ಆಟ. ರಾಕ್ಷಸ ಬರುವುದು ಕೋಳಿ ಕೂಗುವ ಹೊತ್ತಿಗೆ. ಅಷ್ಟರಲ್ಲಿ ಊರಿಗೆ ಊರೇ ಕಂಬಳಿ ಹೊದ್ದು ಉರುಳಿಕೊಂಡಿರುತ್ತದೆ. ಮದ್ದಳೆಯವನು ತೂಕಡಿಸುತ್ತಲೇ ಬಾರಿಸುತ್ತಾನೆ. ಆಟ ಕಲಿಸಿದ ಮಾಸ್ತರರು ಅರ್ಧ ಹಾಡು ನುಂಗಿ, "ಲಗೂನ ಸಾಯೋ, ಬಸ್ಸಿಗೆ ಹೊತ್ತಾತು" ಎಂದು ಪರದೆಯ ಹಿಂದಿನಿಂದ ಪಿಸುಗುಡುತ್ತಾರೆ. ಇವರು ಲಗೂನ ಸಾಯುತ್ತಾರೆ. ನಮ್ಮ ಕಡೆ ಒಂದು ಪದ್ಧತಿ ಇದೆ: ಪಾತ್ರ ಮನಸ್ಸಿಗೆ ಹಿಡಿಸಿದರೆ ಮಂದಿ 'ಒನ್ಸ್ ಮೋರ್' ಎಂದು ಕೂಗುತ್ತಾರೆ, ಪಾತ್ರಧಾರಿ ಅದನ್ನೇ ಮತ್ತೊಮ್ಮೆ ಆಡಬೇಕು. ರಾಜನಿಗೆ ಕೂಗುತ್ತಾರೆ, ಮಂತ್ರಿಗೆ ಕೂಗುತ್ತಾರೆ, ಕೊನೆಗೆ ಹಾಸ್ಯಗಾರನಿಗೂ ಕೂಗುತ್ತಾರೆ. ನಿದ್ದೆಯಲ್ಲಿದ್ದವರು ರಾಕ್ಷಸನಿಗೆ ಏನು ಕೂಗಿಯಾರು?

ನಾನೇನು ಕಡಿಮೆಯೇ? ಮದುವೆಯಾದಾಗಿನಿಂದ ಮುಂದಿನ ಸಾಲಿನಲ್ಲೇ ಕೂತು, ಈ ಸಲ ನೋಡಿಯೇ ತೀರುತ್ತೇನೆ ಎಂದು ಪಣ ತೊಟ್ಟು, ಪ್ರತಿ ಸಲವೂ ಮಂಗಳಾರತಿಯ ಗಂಟೆಗೆ ಕಣ್ಣು ಬಿಟ್ಟವಳು. ನಿನ್ನ ಗೊರಕೆ ಮದ್ದಳೆಗಿಂತ ತಾಳದಲ್ಲಿತ್ತು ಎಂದು ಇವರು ಬಸ್ಸಿನಲ್ಲಿ ಛೇಡಿಸುತ್ತಿದ್ದರು. ನಗುನಗುತ್ತಲೇ ಅನ್ನುತ್ತಿದ್ದರು. ಆದರೂ ಮಲಗಿದವರ ಮುಂದೆ ಕುಣಿದು ಬಂದ ಮನುಷ್ಯನ ನಗು ಅದು, ನೋಡಿದರೆ ನನಗೆ ಸಂಕಟವಾಗುತ್ತಿತ್ತು.

ಕಳೆದ ವರ್ಷ ಊರಿಗೆ ಹೋಗುವುದು ಬೇಡ, ಆಟವನ್ನು ಇಲ್ಲಿ ನಾವಿರುವಲ್ಲೇ ಆಡೋಣ ಎಂದು ನಮ್ಮವರೆಲ್ಲ ಸೇರಿ ತೀರ್ಮಾನಿಸಿದರು. ಆಡುವವರೆಲ್ಲ ಯಲಹಂಕದ ಸುತ್ತಮುತ್ತಲೇ ನೌಕರಿ ಹಿಡಿದಿದ್ದಾರೆ, ಊರಲ್ಲಿ ಉಳಿದಿರುವುದು ಮಾಸ್ತರರೊಬ್ಬರೇ. ಪುಟ್ಟೇನಹಳ್ಳಿ ಕೆರೆಯ ಹತ್ತಿರ ಒಂದು ಖಾಲಿ ಜಾಗವೂ ಸಿಕ್ಕಿತು. ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುವವಳೆಂದು ಪರವಾನಗಿ ತರುವ ಜವಾಬ್ದಾರಿ ನನ್ನ ತಲೆಗೆ ಬಿತ್ತು.

ಠಾಣೆಯ ಇನ್‌ಸ್ಪೆಕ್ಟರು ಅರ್ಜಿ ಓದಿ, 'ರಾತ್ರಿಯಿಂದ ಬೆಳಗಿನವರೆಗೆ' ಎಂಬಲ್ಲಿ ಬೆರಳಿಟ್ಟು ನಕ್ಕುಬಿಟ್ಟರು. ರಾತ್ರಿ ಹತ್ತಕ್ಕೆ ಮೈಕು ಬಂದ್, ಬೆಳಗ್ಗೆ ಆರರವರೆಗೆ ತುಟಿ ಪಿಟಕ್ಕೆನ್ನುವಂತಿಲ್ಲ ಎಂದರು. ನಾನು ಬಿಡುವ ಪೈಕಿಯವಳಲ್ಲ. ಇದು ಡಿಜೆ ಅಲ್ಲ, ಅಜ್ಜ ಮುತ್ತಜ್ಜರ ಕಾಲದಿಂದ ಬಂದ ಆಟ, ರಾತ್ರಿಯೇ ಆಡಬೇಕು ಎಂದು ಭಾಷಣ ಬಿಗಿದೆ. ಅವರು ಸಮಾಧಾನವಾಗಿ ಪೂರ್ತಿ ಕೇಳಿಸಿಕೊಂಡರು.

"ಮೇಡಂ, ಹತ್ತು ಗಂಟೆ ಅಂದ್ರೆ ರಾಕ್ಷಸನಿಗೂ ಹತ್ತು ಗಂಟೆನೇ. ಹಗಲು ಆಡಿ, ಯಾರ್ ಬೇಡ ಅಂದ್ರು?"

ಸ್ಪೀಕರಿನ ಮುಖ ಕೆರೆಯ ಕಡೆ ಇರಕೂಡದು, ಹಕ್ಕಿಗಳಿವೆ; ಜಾಗದ ಪಕ್ಕದ ಮನೆಯವರ ಒಪ್ಪಿಗೆ ಬೇಕು ಎಂದೂ ಸೇರಿಸಿದರು.

ಆ ಪಕ್ಕದ ಮನೆಯ ಯಜಮಾನರು ಹಳೇ ಊರಿನ ರೈತರು. ಹೊಲವಿದ್ದಲ್ಲೆಲ್ಲ ತಾವೇ ಅಪಾರ್ಟ್‌ಮೆಂಟ್ ಕಟ್ಟಿಸಿದ್ದಾರೆ, ಆದರೆ ಹಸು ಕಟ್ಟುವುದನ್ನು ಬಿಟ್ಟಿಲ್ಲ. ಒಪ್ಪಿಗೆಯನ್ನೇನೋ ಕೊಟ್ಟರು, ಒಂದು ಷರತ್ತಿನ ಮೇಲೆ. "ಸಂಜೆ ಐದಕ್ಕೆ ಆಲು ಕರಿಯೋ ಒತ್ತು ಕಣಮ್ಮ. ಅಷ್ಟ್ರಲ್ಲಿ ಮೈಕು ನಿಲ್ಲಿಸ್ಬುಡ್ಬೇಕು. ಸದ್ದು ಮಾಡುದ್ರೆ ಅಸಗಳು ಆಲು ಇಳಿಸಾಕಿಲ್ಲ." ನಾನು ಆಗಲಿ ಎಂದು ಕೈ ಮುಗಿದು ಬಂದೆ.

ಮನೆಗೆ ಬಂದು ಹೇಳಿದರೆ ರಾಕ್ಷಸನ ಮುಖ ಸಣ್ಣಗಾಯಿತು. ಹಗಲಿನಲ್ಲಿ ರಾಕ್ಷಸನಿಗೆ ಯಾರು ಹೆದರುತ್ತಾರೆ, ಬಿಸಿಲಿಗೆ ಬಣ್ಣ ಇಳಿಯುತ್ತದೆ, ಕಿರೀಟ ಕಾಯುತ್ತದೆ ಎಂದು ಶುರು ಮಾಡಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಚುಚ್ಚಿದೆ. ತಾಟಿನಲ್ಲಿದ್ದ ರೊಟ್ಟಿ ಮುರಿಯುತ್ತಾ ನಿಜ ಬಾಯಿಬಿಟ್ಟರು.

"ಹಗಲಂದ್ರ ಮಂದಿ ಎಚ್ಚರ ಇರತಾರ. ನನಗ ಪೂರ್ತಿ ಸಾಯಾಕ ಬರೂದಿಲ್ಲ."

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆಮೇಲೆ ಅವರ ಮುಖ ನೋಡಿ ನಗು ನಿಂತಿತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಈ ಮನುಷ್ಯನನ್ನು ಜನ ಕಣ್ಣು ಬಿಟ್ಟು ನೋಡಲಿದ್ದರು, ಅದಕ್ಕೇ ಅವರಿಗೆ ಜೀವ ಹಿಡಿಯಷ್ಟಾಗಿತ್ತು.

ಮರುದಿನದಿಂದಲೇ ತಯಾರಿ. ಮಾಸ್ತರರು ಅಷ್ಟು ವರ್ಷ ನುಂಗಿದ್ದ ಹಾಡುಗಳನ್ನೆಲ್ಲ ಊರಿನಿಂದ ಫೋನಿನಲ್ಲಿ ಒಂದೊಂದಾಗಿ ಹೊರತೆಗೆದರು. ಇವರು ತಾರಸಿಯ ಮೇಲೆ ಕುಣಿದು ಧೊಪ್ಪೆಂದು ಬೀಳುವುದು, ಕೆಳಮನೆಯವರು ಏನಾಯಿತೆಂದು ಓಡಿ ಬರುವುದು. ಅವರೂ ಕೊನೆಗೆ ಬೇಜಾರಾಗಿ, ದಯವಿಟ್ಟು ಬೇರೆ ಎಲ್ಲಾದರೂ ಸಾಯಿರಿ ಎಂದು ಕೈ ಮುಗಿದರು. ಭಾನುವಾರ ಬೈಕಿನಲ್ಲಿ ಹೆಸರಘಟ್ಟದ ಹುಲ್ಲುಗಾವಲಿಗೆ ಹೋದೆವು. ನಾನೇ ರಾಜಕುಮಾರ, ನನ್ನ ಛತ್ರಿಯೇ ಖಡ್ಗ. ಕೊಂದು ಕೊಂದು ನನ್ನ ರಟ್ಟೆ ಬಿದ್ದುಹೋಯಿತು.

ಆಟದ ದಿನ ಬೆಳಗ್ಗೆ ಶುರುವಾದದ್ದು ಭರ್ಜರಿಯಾಗಿಯೇ. ಮಂಡಕ್ಕಿ, ಮಿರ್ಚಿ ತಿನ್ನುತ್ತಾ ಮಂದಿ ಕಿಕ್ಕಿರಿದು ಕೂತರು. ಎಡವಟ್ಟಾದದ್ದು ಅಲ್ಲಿಯೇ. ಎದುರಿಗೆ ಎಚ್ಚರವಿರುವ ಜನರನ್ನು ಕಂಡಿದ್ದೇ ಎಲ್ಲ ಪಾತ್ರಧಾರಿಗಳಿಗೂ ಆಸೆ ಹತ್ತಿತು. ರಾಜ ಇದ್ದ ಹಾಡಿಗೆ ಇಲ್ಲದ ಹಾಡು ಸೇರಿಸಿದ. ಹಾಸ್ಯಗಾರನಂತೂ ಹಿಡಿದ ಮೈಕು ಬಿಡಲೊಲ್ಲ. ಒನ್ಸ್ ಮೋರ್ ಮೇಲೆ ಒನ್ಸ್ ಮೋರ್. ನಮ್ಮ ರಾಕ್ಷಸ ಬಣ್ಣ ಬಳಿದುಕೊಂಡು ಪರದೆಯ ಹಿಂದೆ ಕಾಯುತ್ತಲೇ ಕೂತ. ಅವನು ರಂಗಕ್ಕೆ ಬರುವ ಹೊತ್ತಿಗೆ ಐದು ಹೊಡೆಯುತ್ತಾ ಬಂದಿತ್ತು, ಯಜಮಾನರು ಹಾಲಿನ ಬಕೆಟ್ ಹಿಡಿದು ಬೇಲಿಯ ಹತ್ತಿರ ಬಂದು ನಿಂತಿದ್ದರು.

ನನಗೆ ಸಿಟ್ಟು ನೆತ್ತಿಗೇರಿತು. ಎಲ್ಲರೂ ಹೊಟ್ಟೆ ತುಂಬ ಉಂಡು ಇವರಿಗೆ ಎಲೆ ಎತ್ತುವ ಹೊತ್ತೇ? ರಾಕ್ಷಸ ಒಂದು ಸುತ್ತು ಕುಣಿಯುವಷ್ಟರಲ್ಲಿ ಪರದೆಯ ಹಿಂದಿನಿಂದ, ಆಟಕ್ಕೆಂದು ಊರಿನಿಂದ ಬಂದಿದ್ದ ಮಾಸ್ತರರ ಅದೇ ಹಳೆಯ ಪಿಸುಮಾತು, ಈ ಸಲ ಮೈಕಿನಲ್ಲೇ ಕೇಳಿಸಿತು: "ಲಗೂನ ಸಾಯೋ." ಇವರ ಹೆಜ್ಜೆ ತಪ್ಪಿತು. ಬೇಲಿಯ ಕಡೆ ನೋಡಿದರು. ಅಭ್ಯಾಸಬಲ, ಬೀಳಲು ಮೊಣಕಾಲು ಮಡಚಿಯೇಬಿಟ್ಟರು. ನಾನು ಎದ್ದು ಬೇಲಿಯ ಹತ್ತಿರ ಓಡಿದೆ, ಯಜಮಾನರ ಕಾಲಾದರೂ ಹಿಡಿಯೋಣವೆಂದು. ಅವರು ನನ್ನತ್ತ ತಿರುಗಲೂ ಇಲ್ಲ. ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತರು.

"ಆಲು ಆಮೇಲ್ ಕರುದ್ರಾಯ್ತದೆ. ಅವ್ನು ನೆಟ್ಗೆ ಸಾಯ್ಲಿ ಬುಡಿ," ಎಂದು ರಂಗಕ್ಕೆ ಕೇಳುವಂತೆ ಹೇಳಿದರು.

ರಾಕ್ಷಸ ಎದ್ದು ನಿಂತ. ಆಮೇಲೆ ಅವನು ಆಡಿದ್ದನ್ನು ನಮ್ಮೂರಿನ ಯಾರೂ ಕಂಡಿರಲಿಲ್ಲ, ಕೇಳಿರಲಿಲ್ಲ. ರಾಜಕುಮಾರನ ಖಡ್ಗ ಎದೆಗೆ ತಾಗಿದ ಮೇಲೂ ಅವನು ಶಾಪ ಹಾಕುವುದಿಲ್ಲ. ತಾಯಂದಿರ ಕಡೆ ತಿರುಗಿ, ನಾನು ಸತ್ತರೆ ನಾಳೆಯಿಂದ ಯಾರ ಹೆಸರು ಹೇಳಿ ನಿಮ್ಮ ಮಕ್ಕಳನ್ನು ಮಲಗಿಸುತ್ತೀರಿ ಎಂದು ಹಾಡುತ್ತಾನೆ. ಹೆಸರಘಟ್ಟದಲ್ಲಿ ಅಷ್ಟು ಸಲ ಕೇಳಿದ್ದ ಹಾಡೇ. ಅಲ್ಲಿ ನಗುತ್ತಿದ್ದವಳು ಇಲ್ಲಿ ಬೇಲಿ ಹಿಡಿದು ನಿಂತುಬಿಟ್ಟೆ. ಇವರು ಒಂದೊಂದೇ ಹೆಜ್ಜೆ ಹಿಂದೆ ಸರಿದು, ಭುಜಕೀರ್ತಿ ನೆಲಕ್ಕೆ ತಾಗಿಸಿ, ನಿಧಾನವಾಗಿ ಒರಗಿದರು.

ಯಾರೂ ಮಿಸುಕಲಿಲ್ಲ. ಮಂದಿಗೆ ಸೇರಲಿಲ್ಲವೇನೋ ಎಂದು ಸಾಲು ಸಾಲಾಗಿ ಮುಖಗಳನ್ನು ನೋಡಿದೆ. ಮರುಗಳಿಗೆಯೇ ನನಗೆ ಗೊತ್ತಿಲ್ಲದೆ ನನ್ನ ಬಾಯಿಂದ ಹೊರಟಿತು, "ಒನ್ಸ್ ಮೋರ್!" ನನ್ನ ಹಿಂದೆ ಬೇಲಿಯಾಚೆಯಿಂದ ಯಜಮಾನರು ಕೂಗಿದರು, ಆಮೇಲೆ ಇಡೀ ಮೈದಾನ. ಕೊಟ್ಟಿಗೆಯಲ್ಲಿ ಹಸುಗಳು ಅಂಬಾ ಎಂದು ಅರಚತೊಡಗಿದವು. ಯಜಮಾನರು ಹಿಂದಕ್ಕೆ ತಿರುಗಿ, ಆಟ ನಡೆಯುವಾಗ ಗಲಾಟೆ ಮಾಡಬೇಡಿ ಎಂದು ಹಸುಗಳನ್ನೇ ಗದರಿದರು.

ಸತ್ತ ರಾಕ್ಷಸ ಮಾತ್ರ ಏಳಲಿಲ್ಲ. ಬಿದ್ದಲ್ಲಿಂದಲೇ ಒಂದು ಕಣ್ಣು ಬಿಟ್ಟು ಮೊದಲು ಮುಂದಿನ ಸಾಲಿನ ನನ್ನ ಜಾಗ ನೋಡಿದ, ಅದು ಖಾಲಿ. ಆಮೇಲೆ ಹುಡುಕುತ್ತಾ ಹುಡುಕುತ್ತಾ ಬೇಲಿಯವರೆಗೆ ಬಂದ ಆ ಕಣ್ಣು ನನ್ನ ಮೇಲೆ ನಿಂತಿತು. ನಾನು ಎರಡೂ ಕಣ್ಣುಗಳನ್ನು ಬೆರಳಿನಿಂದ ಅಗಲಿಸಿ ತೋರಿಸಿದೆ. ಆಗ ಇವರು ಎದ್ದರು, ಕಿರೀಟ ಸರಿಮಾಡಿಕೊಂಡರು, ಎರಡನೆಯ ಸಲ ಇನ್ನೂ ನಿಧಾನವಾಗಿ ಸತ್ತರು.