ಐದು ವ್ಯಾಟಿನ ಅಂಗಡಿ

ದೀಪದ ಅಂಗಡಿಗೆ ಬರುವವರು ದೀಪವನ್ನು ನೋಡುತ್ತಾರೆಂದು ನೀವು ತಿಳಿದಿದ್ದರೆ, ಒಂದು ದಿನ ಬೀದರಿನ ನನ್ನ ಅಂಗಡಿಯಲ್ಲಿ ಬಂದು ಕುಳಿತುಕೊಳ್ಳಿ. ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಅವರ ಪ್ರಶ್ನೆ ಒಳಗೆ ಬಂದಿರುತ್ತದೆ: "ಎಷ್ಟು ವ್ಯಾಟಿಂದ್ರಿ?" ಕರಿಯ ಲೋಹದ ಮೈಮೇಲೆ ಕೂದಲೆಳೆಯಂಥ ಬೆಳ್ಳಿಬಳ್ಳಿ, ನಡುನಡುವೆ ಬೆಳಕು ಹಾಯಲೆಂದು ಕೊರೆದ ನೂರಾರು ರಂಧ್ರ, ಇಷ್ಟೆಲ್ಲ ಅಲಂಕರಿಸಿಕೊಂಡು ನಿಂತ ಕನ್ಯೆಯನ್ನು ನೋಡಲು ಬಂದವರು ಆಕೆಯ ತೂಕ ಕೇಳಿದ ಹಾಗಾಗುತ್ತದೆ. "ಐದು" ಎಂದು ಮೊದಮೊದಲು ನಾನು ಕಟಕಟೆಯಲ್ಲಿ ನಿಂತವಳಂತೆ ತಲೆತಗ್ಗಿಸಿ ಹೇಳುತ್ತಿದ್ದೆ. "ಬರೇ ಐದು?" ಎಂದು ಅವರು ಕನಿಕರಪಟ್ಟು ಹೊರಡುತ್ತಿದ್ದರು.

ನಾನು ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತಳಾದವಳು. ನಮ್ಮದು ಮೆಥೊಡಿಸ್ಟ್ ಮನೆತನ. ಡಿಸೆಂಬರ್ ಬಂತೆಂದರೆ ಅಪ್ಪ ಬಿದಿರುಕಡ್ಡಿ, ಬಣ್ಣದ ಕಾಗದ ಹಿಡಿದು ಓಣಿಯ ಮನೆಮನೆಗೂ ನಕ್ಷತ್ರ ಕಟ್ಟಿಕೊಡುತ್ತಿದ್ದರು. ಅಂಟು ಕಲಸುವ ಉನ್ನತ ಹುದ್ದೆ ನನ್ನದು. ಆ ಅಂಟು ಬೆರಳಿನಿಂದ ಪೂರ್ತಿ ಹೋಗಿರಲಿಲ್ಲವೆಂದು ಕಾಣುತ್ತದೆ. ಅಪ್ಪನ ಮನೆಯಲ್ಲಿ ಬೀದಿಗೆ ತೆರೆದುಕೊಂಡ ಕೋಣೆಯೊಂದು ಖಾಲಿ ಇತ್ತು. ದೀಪ ಮಾಡಿ ಮಾರುತ್ತೇನೆ, ಆ ಕೋಣೆ ಕೊಡು ಎಂದು, ಅಪ್ಪನ ನಂತರ ಮನೆ ನೋಡಿಕೊಳ್ಳುತ್ತಿದ್ದ ನನ್ನ ಒಡಹುಟ್ಟಿದ ಪ್ರಭಾಕರಣ್ಣನನ್ನು ಕೇಳಿದೆ. ಅವನು ಕನ್ನಡಕದ ಮೇಲಿಂದ ನೋಡಿ, "ಒಂದು ವರ್ಷ ಕೊಡ್ತೇನಿ ನೋಡು, ಸುಶೀ. ಆಮ್ಯಾಲ ಮೊಬೈಲ್ ಅಂಗಡಿಯವರಿಗಿ ಕೊಡ್ತೇನಿ" ಎಂದ. ನಾನು ಕೃತಜ್ಞತೆಯಿಂದ "ಹೂಂ" ಎಂದೆ. ಈ "ಹೂಂ" ನಿಮ್ಮ ನೆನಪಿನಲ್ಲಿರಲಿ. ಮುಂದೆ ಅದಕ್ಕಾಗಿ ನಾನು ನಾಚಿಕೊಳ್ಳುವುದಿದೆ.

ದೀಪದ ನಕ್ಷೆ ನನ್ನದು, ಕೈ ಖಾದರ್ ಚಾಚಾನದು. ಹುಕ್ಕಾದ ಬುರುಡೆ, ಹೂಜಿ, ತಟ್ಟೆ ಮಾಡುತ್ತ ನಲವತ್ತು ವರ್ಷ ಬಿದರಿ ಕೆಲಸದಲ್ಲೇ ಕಳೆದವರು ಅವರು. ನಮಗೆ ಬಂದ ಮೊದಲ ದೊಡ್ಡ ಆರ್ಡರ್ ಭಾಲ್ಕಿಯ ಡಾಕ್ಟರೊಬ್ಬರ ಹೊಸ ಮನೆಗೆ ಆರು ದೀಪ. ಬಿದರಿಯಲ್ಲಿ ಕಪ್ಪೇ ಮಾನ. ಕೋಟೆಯ ಮಣ್ಣನ್ನು ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸಿ, ನವಸಾಗರವೆಂಬ ಉಪ್ಪಿನ ಜೊತೆ ಕುದಿಸಿ, ಅದರಲ್ಲಿ ಅದ್ದಿ ತೆಗೆದರೆ ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಚಾಚಾ ವಾಡಿಕೆಯಂತೆ ಆರೂ ದೀಪಗಳನ್ನು ಇಡಿಯಾಗಿ ಮುಳುಗಿಸಿದರು. ಹೊರಗೂ ಕಪ್ಪು, ಒಳಗೂ ಕಪ್ಪು. ಕಪ್ಪು ಬಣ್ಣ ಬೆಳಕನ್ನು ಹೀರುತ್ತದೆಂದು ಮೂವತ್ತು ವರ್ಷ ಹಲಗೆಯ ಮೇಲೆ ಬರೆದು, ಹಾಗೆ ಬರೆಯದವರ ಅಂಕ ಕತ್ತರಿಸಿದ ಈ ಮಹಾತಾಯಿ ಪಕ್ಕದಲ್ಲೇ ನಿಂತು, "ಆಹಾ, ಏನು ಕಪ್ಪು ಬಂದದ ಚಾಚಾ!" ಎಂದು ಚಪ್ಪಾಳೆ ತಟ್ಟಿದಳು. ಬೀದರಿನವರಲ್ಲದೆ ಬೇರೆ ಯಾರೂ ಇಂಥ ತಪ್ಪಿಗೆ ಹಿಗ್ಗಲಾರರು.

ಭಾಲ್ಕಿಯಲ್ಲಿ ಗೃಹಪ್ರವೇಶದ ಸಂಜೆ, ನೆಂಟರಿಷ್ಟರು ಕಿಕ್ಕಿರಿದ ನಡುಮನೆಯಲ್ಲಿ ಟ್ಯೂಬ್‌ಲೈಟ್ ಆರಿಸಿ ನನ್ನ ಆರು ದೀಪಗಳ ಸ್ವಿಚ್ ಒತ್ತಿದರು. ಗೋಡೆಯ ಮೇಲೆ ಅಲ್ಲೊಂದು ಇಲ್ಲೊಂದು ಸಾಸಿವೆಯಷ್ಟು ಬೆಳಕು ಕಂಡಿತು, ಅಷ್ಟೇ. ಡಾಕ್ಟರ ತಾಯಿ ಕತ್ತಲಲ್ಲಿ, "ಕರೆಂಟ್ ಹೋಯ್ತೇನ್ರಿ?" ಎಂದರು. ಎಲೆಕ್ಟ್ರೀಷಿಯನ್ ಟೆಸ್ಟರ್ ಹಚ್ಚಿ ನೋಡಿ, ಲೈನು ಬರೋಬ್ಬರಿ ಅದ, ದೀಪನೂ ಹತ್ಯಾವ ಎಂದು ತುಂಬಿದ ಸಭೆಯಲ್ಲಿ ಸಾರಿದ. ಆರನ್ನೂ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬೀದರಿಗೆ ಮರಳಿದೆ. ದಾರಿಯುದ್ದಕ್ಕೂ ಅಳು ಬಂತು. ಬೀದರ್ ಹತ್ತಿರವಾದಂತೆ ಅದು ಸಿಟ್ಟಾಯಿತು. ಸೋತೆನೆಂದು ಕೋಣೆಯ ಕೀಲಿಯನ್ನು ಅಣ್ಣನ ಕೈಗೆ ಕೊಡುವುದು ಮಾತ್ರ ಸುತರಾಂ ಸಾಧ್ಯವಿಲ್ಲ ಎಂದುಕೊಂಡೆ.

ಒಳಗಿನ ಕಪ್ಪು ಕೆರೆಯಬೇಕೆಂದಾಗ ಚಾಚಾ ಕೆರಳಿದರು. "ಅರೆ ಟೀಚರಮ್ಮ, ಬಿದರಿ ಅಂದ್ರ ಕರ್ರಗೇ ಇರಬೇಕ್ರಿ. ಕೆರೆದ್ರ ನಮ್ಮ ಇಜ್ಜತ್ ಹೋಗ್ತದ."

"ಹೊರಗಿನ ಕಪ್ಪು ನಿಮ್ಮ ಇಜ್ಜತ್ ಚಾಚಾ, ಅದನ್ನ ಮುಟ್ಟಬ್ಯಾಡ್ರಿ. ಒಳಗಿಂದು ನಾವಿಬ್ಬರೂ ಕೂಡಿ ಮಾಡಿದ ತಪ್ಪರಿ."

ಗೊಣಗುತ್ತ ಗೊಣಗುತ್ತಲೇ ಐದು ದೀಪಗಳ ಒಡಲನ್ನು ಉಪ್ಪುಕಾಗದದಿಂದ ಉಜ್ಜಿ ಚಾಚಾ ಕನ್ನಡಿಯಂತೆ ಮಾಡಿದರು. ಅವನ್ನು ಮತ್ತೆ ಭಾಲ್ಕಿಗೆ ಒಯ್ದು ಹಚ್ಚಿದಾಗ ಡಾಕ್ಟರ ಮನೆಯ ಗೋಡೆಗಳ ಮೇಲೆ ಬೆಳಕು ಬಳ್ಳಿಬಳ್ಳಿಯಾಗಿ ಹಬ್ಬಿತು. ಅಲ್ಲಿ ನೋಡಿದ ಔರಾದಿನ ನರ್ಸ್ ಒಬ್ಬಳು ತನ್ನ ಪಡಸಾಲೆಗೆ ಒಂದು ಬೇಕೆಂದಳು; ಅವಳ ಪಡಸಾಲೆ ನೋಡಿದವರು ತಮಗೂ ಬೇಕೆಂದರು; ನಾನು ದೀಪ ಹೊತ್ತು ಡಾಬಕಾ ಹಳ್ಳಿಯವರೆಗೆ ಹೋಗಿಬಂದೆ. ಆರನೆಯ ದೀಪವನ್ನು ಮಾತ್ರ ಕೆರೆಯಗೊಡಲಿಲ್ಲ. ಊರು ನನ್ನ ತಪ್ಪನ್ನು ಆಡಿಕೊಳ್ಳುವ ಮೊದಲು ನಾನೇ ಅದನ್ನು ಅಂಗಡಿಯ ಬಾಗಿಲಿಗೆ ತೂಗುಹಾಕಿದೆ. ದಿನಾ ಸಂಜೆ ಅದನ್ನೇ ಮೊದಲು ಹಚ್ಚುತ್ತೇನೆ.

ವರ್ಷ ತುಂಬಿದ ದಿನ ಅಣ್ಣ ಬಂದ. ಜೊತೆಯಲ್ಲಿ ಅಳತೆಯ ಟೇಪು ಹಿಡಿದ ಮೊಬೈಲ್ ಅಂಗಡಿಯವನು. "ನಿನ್ನ ಅಂಗಡಿ ನಡದದ, ಇಲ್ಲ ಅನ್ನಂಗಿಲ್ಲ ಸುಶೀ. ಆದ್ರ ಇವರಿಗಿ ಮಾತು ಕೊಟ್ಟೇನಿ" ಎಂದ. ಟೇಪಿನ ತುದಿ ಆಗಲೇ ನನ್ನ ಗೋಡೆ ಮುಟ್ಟಿತ್ತು. ಬಾಯಿ ಮತ್ತೊಂದು "ಹೂಂ" ಎನ್ನಲು ತೆರೆಯಿತು. ಕಣ್ಣು ಬಾಗಿಲಿನ ದೀಪದ ಮೇಲೆ ಬಿತ್ತು. ಎಂಥ ಮಳ್ಳಿ ನಾನು! ಅಪ್ಪನ ಮನೆಯ ಕಾಗದಪತ್ರದಲ್ಲಿ ನಮ್ಮಿಬ್ಬರ ಹೆಸರೂ ಇವೆ. ನನ್ನದೇ ಕೋಣೆಯನ್ನು ಅವನಿಂದ ಒಂದು ವರ್ಷಕ್ಕೆ ಬೇಡಿಕೊಂಡು, ವರ್ಷವಿಡೀ ಕೃತಜ್ಞಳಾಗಿದ್ದೆನಲ್ಲ! ತಂಗಿ ಕೇಳಿ ಪಡೆಯಬೇಕು, ಅಣ್ಣ ಕೊಡಬೇಕು ಎಂಬ ವಾಡಿಕೆಯಲ್ಲಿ ನನ್ನನ್ನೂ ಯಾರೋ ಇಡಿಯಾಗಿ ಮುಳುಗಿಸಿ ತೆಗೆದಿದ್ದರು.

"ಅಣ್ಣಾ, ನೀ ಕೊಟ್ಟ ವರ್ಷ ಮುಗೀತು" ಎಂದೆ. ಟೇಪಿನ ತುದಿಯನ್ನು ಗೋಡೆಯಿಂದ ಬಿಡಿಸಿ ಮುಂದುವರಿಸಿದೆ. "ಇನ್ನ ನನ್ನ ವರ್ಷ ಶುರು. ಈ ಮನ್ಯಾಗ ಅರ್ಧ ನಂದದ, ಈ ಖೋಲಿ ಆ ಅರ್ಧದಾಗ ಬರ್ತದ. ಕೊಟ್ಟ ಮಾತು ನಿನ್ನ ಅರ್ಧದಾಗ ನಡಸು."

ಅಣ್ಣ ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ. ಮೊಬೈಲ್ ಅಂಗಡಿಯವನು ಟೇಪು ಸುತ್ತಿಕೊಳ್ಳುತ್ತ ಬಾಗಿಲಿನ ಕರಿಯ ದೀಪದತ್ತ ಕೈ ತೋರಿಸಿ, "ಇದು ಎಷ್ಟು ವ್ಯಾಟಿಂದ್ರಿ, ಟೀಚರ್?" ಎಂದ.

"ಐದರಿ" ಎಂದೆ, ತಲೆ ಎತ್ತಿ. "ಅಳತಿ ತಗೊಳ್ಳೋದಿದ್ರ ಅದರದು ತಗೋರಿ. ಖೋಲಿದು ಬ್ಯಾಡ."