ದಕ್ಷಿಣೇಶ್ವರ ಮುಟ್ಟದ ಕಾರು

ಟಾಲಿಗಂಜಿನ ಮನೆಯಿಂದ ಬೆಳಿಗ್ಗೆ ಒಂಬತ್ತಕ್ಕೆ ಹೊರಟೆವು. ದಕ್ಷಿಣೇಶ್ವರದ ಕಾಳಿ ಗುಡಿ ಕೋಲ್ಕತ್ತದ ಆ ತುದಿಗಿದೆ, ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು. ಕಾರು ನಡೆಸಿದವಳು ನನ್ನ ಮಗಳು ಗಿರಿಜಾ. ಇಲ್ಲಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. ಹಿಂದಿನ ಸೀಟಿನಲ್ಲಿ ನಾನು, ಪಕ್ಕದಲ್ಲಿ ಆರು ವರ್ಷದ ಮೊಮ್ಮಗಳು ಮಿನಿ. ಮೋಡ ಕವಿದಿತ್ತು, ಮಳೆ ಇರಲಿಲ್ಲ. ಸೆಖೆಗೆ ಸೀರೆ ಬೆನ್ನಿಗೆ ಅಂಟಿತ್ತು. ಹುಬ್ಬಳ್ಳಿಯಿಂದ ರೈಲಿನಲ್ಲಿ ಎರಡು ರಾತ್ರಿ ಕೂತು ಬಂದಾಗಲೂ ನಾನು ಹೆದರಿರಲಿಲ್ಲ. ಈ ಕಾರಿನಲ್ಲಿ ಮೊದಲ ಸಿಗ್ನಲ್ಲಿಗೇ ಹೆದರಿದೆ.

ಬ್ರೇಕು ಒತ್ತಿದಾಗ ಕೀಂ ಎಂದಿತು.

"ಗಿರಿಜಾ, ಬ್ರೇಕ್ ತೋರಿಸು."

"ಗುರುವಾರ ಕಂಪನಿ ಗ್ಯಾರೇಜಿಗೆ ಹೇಳೇನಿ ಅವ್ವಾ. ಎರಡ ದಿನದಾಗ ಏನಾಗ್ತೈತಿ?"

"ದಾರ್ಯಾಗ ಎಷ್ಟ ಗ್ಯಾರೇಜ್ ಅದಾವು."

"ಬೀದಿ ಬದಿಯವ್ರು ಎಂಥಾ ಮಾಲ್ ಹಾಕ್ತಾರೋ ಏನೋ. ನೀ ಸುಮ್ನ ಕೂಡು."

ಮಿನಿಗೆ ಕನ್ನಡ ತಿಳಿಯುತ್ತದೆ, ಬಾಯಲ್ಲಿ ಬರುವುದು ಹಿಂದಿ. "ಅಜ್ಜಿ, ಗಾಡಿ ರೋ ರಹೀ ಹೈ" ಎಂದಳು. ಗಾಡಿ ಅಳುತ್ತಿದೆಯಂತೆ. ಗಿರಿಜಾ ಹಾಡು ಹಚ್ಚಿ ಸದ್ದು ಜೋರು ಮಾಡಿದಳು. ಕಾರಿನ ಅಳು ಕೇಳದಂತಾಯಿತು. ನನಗೆ ಹೆದರಿಕೆ ಇನ್ನೂ ಹೆಚ್ಚಿತು.

ಹೆದ್ದಾರಿ ಬದಿಯಲ್ಲಿ ಮೂವತ್ತು ವರ್ಷ ಖಾನಾವಳಿ ನಡೆಸಿದವಳು ನಾನು. ಲಾರಿಗಳು ನನ್ನ ಅಂಗಳದಲ್ಲೇ ನಿಲ್ಲುತ್ತಿದ್ದವು. ತೆಳು ಸದ್ದು ಬಂದರೆ ಬ್ರೇಕು ಸವೆಯುತ್ತಿದೆ. ಕಬ್ಬಿಣ ಕಬ್ಬಿಣವನ್ನು ಅರೆದ ಸದ್ದು ಬಂದರೆ ಸವೆದು ಮುಗಿದಿದೆ. ಬಸವಣ್ಣಿ ಎಂಬ ಡ್ರೈವರ್ ಒಮ್ಮೆ ಹಾಗೆ ಅರೆಯುತ್ತಾ ಬಂದು ನಿಲ್ಲಿಸಿದ. ಮೂರು ರೊಟ್ಟಿ ತಿಂದ. "ತಿರುಗಿ ಬರೂವಾಗ ಹಾಕಸ್ತೀನಿ ಅಕ್ಕಾ" ಎಂದ. ಅರಬೈಲ್ ಘಟ್ಟ ಇಳಿಯಲು ಹೋದವನು ತಿರುಗಿ ಬರಲಿಲ್ಲ.

ಶ್ಯಾಮ್‌ಬಜಾರ್ ದಾಟುವಷ್ಟರಲ್ಲಿ ಹನ್ನೊಂದಾಗಿತ್ತು. ಮುಂದೆ ಟಾಲಾ ಸೇತುವೆ. ಏರುವಾಗ ಏನೂ ಇಲ್ಲ. ಇಳಿಯುವಾಗ ಕಾಲಡಿಯಿಂದ ಗರ್ರ್ ಎಂದಿತು. ಹಾಡಿನ ಮೇಲೆಯೂ ಕೇಳಿತು. ನಾನು ಬಾಗಿಲ ಹಿಡಿ ಹಿಡಿದೆ, ಇನ್ನೊಂದು ಕೈಯಲ್ಲಿ ಮಿನಿಯ ಲಂಗ ಹಿಡಿದೆ. ಸೇತುವೆಯ ಬುಡದಲ್ಲಿ ಗಾಡಿಗಳು ಒತ್ತೊತ್ತಾಗಿ ನಿಂತಿದ್ದವು. ಎಲ್ಲಕ್ಕಿಂತ ಹಿಂದೆ ಒಂದು ಸೈಕಲ್ ವ್ಯಾನು, ಹಲಗೆ ಹಾಸಿದ ಮೂರು ಗಾಲಿಯ ಬಂಡಿ. ಅದರ ಮೇಲೆ ಆನೆ ಏರಿ ಕೂತ ಮಣ್ಣಿನ ದೇವರು. ಹಿಂದುಗಡೆ ಕಾಲು ಇಳಿಬಿಟ್ಟು ಒಬ್ಬ ಮುದುಕ ಮೂರ್ತಿ ಹಿಡಿದಿದ್ದ.

ಗಿರಿಜಾ ಎದ್ದು ನಿಂತವಳ ಹಾಗೆ ಬ್ರೇಕು ತುಳಿದಳು. ಕಾರು ಹೋಗುತ್ತಲೇ ಇತ್ತು. ಮುದುಕ ನಮ್ಮನ್ನು ನೋಡಿದ, ಎರಡೂ ಕಾಲು ಮೇಲಕ್ಕೆ ಎಳೆದುಕೊಂಡ. ಅವನ ಕಾಲು ಇದ್ದ ಜಾಗದಿಂದ ಒಂದು ಗೇಣು ಈಚೆ ಕಾರು ನಿಂತಿತು.

ಗಿರಿಜಾ ಹಾಡು ಆರಿಸಿದಳು.

ಆಮೆಯ ಹಾಗೆ ಹೋಗಿ ಮೊದಲು ಸಿಕ್ಕ ಗ್ಯಾರೇಜಿನ ಮುಂದೆ ನಿಲ್ಲಿಸಿದೆವು. ಅಲ್ಲಿಯೂ ಅದೇ ಆನೆಯ ದೇವರು, ಮೈಕು, ಧೂಪ. ಮೇಲೆ ಆಕಾಶದ ತುಂಬ ಗಾಳಿಪಟ. ಅಂದು ವಿಶ್ವಕರ್ಮ ಪೂಜೆ. ನಮ್ಮ ಆಯುಧಪೂಜೆಯಂತೆಯೇ, ಪಾನಾ, ಜಾಕು, ಸುತ್ತಿಗೆ ಎಲ್ಲ ಕುಂಕುಮ ಹಚ್ಚಿಸಿಕೊಂಡು ದೇವರ ಮುಂದೆ ಸಾಲಾಗಿ ಮಲಗಿದ್ದವು. ಮೇಸ್ತ್ರಿ ಶಿಬು ಮಿಂದು ಹೊಸ ಬನಿಯನ್ ಹಾಕಿದ್ದ.

"ಆಜ್ ನೇಹಿ ದಿದಿ. ಇವತ್ತು ಹತಿಯಾರ ಮುಟ್ಟೋದಿಲ್ಲ" ಎಂದ ಅವನ ಹಿಂದಿಯಲ್ಲಿ. ಗಿರಿಜಾ ದುಡ್ಡು ಎರಡರಷ್ಟು ಕೊಡುತ್ತೇನೆ ಎಂದಳು. ಅವನು ಕಿವಿ ಹಿಡಿದುಕೊಂಡು ನಾಲಿಗೆ ಕಚ್ಚಿದ. ಆದರೂ ಮೊಬೈಲ್ ಬೆಳಕು ಬಿಟ್ಟು ಚಕ್ರದ ಸಂದಿಯಲ್ಲಿ ಇಣುಕಿದ. ಎದ್ದವನು ಗಿರಿಜಾಳನ್ನು ಬಿಟ್ಟು ನನ್ನನ್ನು ನೋಡಿದ.

"ಮಾಶಿಮಾ, ಕುಛ್ ನೇಹಿ ಹೈ." ದೊಡ್ಡಮ್ಮಾ, ಬ್ರೇಕಿನಲ್ಲಿ ಏನೂ ಉಳಿದಿಲ್ಲ ಎಂದು. ನಾಳೆ ಬೆಳಿಗ್ಗೆ ಮೊದಲ ಕೆಲಸ ನಿಮ್ಮದೇ ಎಂದ.

ಗಿರಿಜಾ ಒಪ್ಪಲಿಲ್ಲ. "ಬೀದ್ಯಾಗ ಬಿಟ್ಟ ಹೋದ್ರ ನಾಳೆ ಚಕ್ರಾನೂ ಇರೂದಿಲ್ಲ. ಎರಡನೇ ಗೇರಿನಾಗ ನಿಧಾನ ತಿರುಗಿ ಹೋಗೂಣು."

"ತಿರುಗಿ" ಎಂದೇ ಬಸವಣ್ಣಿಯೂ ಹೇಳಿದ್ದ. ಆ ಸೇತುವೆಯನ್ನು ಮತ್ತೆ ಏರಬೇಕು, ಮತ್ತೆ ಇಳಿಯಬೇಕು. ಬಾಗಿಲು ತೆಗೆದು ಮಿನಿಯನ್ನು ಇಳಿಸಿಕೊಂಡೆ. ದೇವರ ಪಕ್ಕದ ಬೆಂಚಿನ ಮೇಲೆ ಕೂತೆ.

"ನೀ ಹೋಗು. ಕೂಸು ನನ್ನ ಕೂಡ ಇರ್ತೈತಿ."

"ಹಟಾ ಮಾಡಬ್ಯಾಡ ಅವ್ವಾ, ಮಂದಿ ನೋಡ್ಲಿಕ್ಕತ್ತಾರ."

"ನೋಡ್ಲಿ. ಸತ್ತ ಮ್ಯಾಲೂ ನೋಡ್ತಾರ."

ಅವಳಿಗೆ ಸಿಟ್ಟು ಬಂತು. ಕಾರಿನಲ್ಲಿ ಕೂತು ಚಾಲೂ ಮಾಡಿಯೇ ಬಿಟ್ಟಳು. ನಿಜಕ್ಕೂ ಹೋಗುತ್ತಾಳೆ ಎಂದುಕೊಂಡೆ. ಶಿಬು ಗೋಡೆ ಬದಿಯ ಇಟ್ಟಿಗೆಯೊಂದನ್ನು ತಂದು ಮುಂದಿನ ಚಕ್ರಕ್ಕೆ ಒಡ್ಡಿದ. ಇಟ್ಟಿಗೆ ಹತಿಯಾರವಲ್ಲ. ಆಮೇಲೆ ಚೆಂಡುಹೂವಿನ ಒಂದು ಎಳೆ ತಂದು ಕಾರಿನ ಕನ್ನಡಿಗೆ ಸಿಕ್ಕಿಸಿದ.

"ದಿದಿ, ಖಿಚುಡಿ ತಿಂದು ಹೋಗಿ" ಎಂದ.

ಗಿರಿಜಾ ಕನ್ನಡಿಯ ಹೂವನ್ನು ನೋಡಿದಳು, ಎಂಜಿನ್ ಆರಿಸಿದಳು. ಆಮೇಲೆ ಕೀಲಿ ತೆಗೆದು ಅವನ ಕೈಗೆ ಕೊಟ್ಟಳು.

ಎಲೆತಟ್ಟೆಯಲ್ಲಿ ಖಿಚುಡಿ, ಬದನೆಕಾಯಿ ಕರಿದದ್ದು. ಉಪ್ಪು ಕಡಿಮೆ. ಮಿನಿ ಎರಡು ಸಲ ಹಾಕಿಸಿಕೊಂಡಳು. ದಮ್ ದಮ್‌ವರೆಗೆ ಆಟೊ, ಅಲ್ಲಿಂದ ಟಾಲಿಗಂಜಿಗೆ ಮೆಟ್ರೊ, ತಲೆಗೆ ಇಪ್ಪತ್ತು ರೂಪಾಯಿ. ಗುಡಿ ನೋಡಲಿಲ್ಲ.

ಮರುದಿನ ಮೆಟ್ರೊದಲ್ಲಿ ನಾನೂ ಗಿರಿಜಾಳೂ ಹೋದೆವು. ಕಾರು ಇತ್ತು, ನಾಲ್ಕೂ ಚಕ್ರ ಇದ್ದವು, ಹೂವು ಬಾಡಿತ್ತು. ಶಿಬು ಹಳೆಯ ಬ್ರೇಕ್ ಪ್ಯಾಡನ್ನು ಬಿಚ್ಚಿ ನನ್ನ ಕೈಗೆ ಹಾಕಿದ. ಬರೀ ತಗಡು. ಅದು ಒತ್ತುವ ಚಕ್ರದ ಡಿಸ್ಕಿಗೂ ಗೀರು ಬಿದ್ದಿತ್ತು, ಅದನ್ನೂ ಬದಲಿಸಿದ. ಗಿರಿಜಾ ತಗಡನ್ನು ನೋಡಿದಳು, ಕಂಪನಿಯ ಮಾತು ಎತ್ತಲಿಲ್ಲ.

ಹೊರಡುವಾಗ ಶಿಬು ಇಟ್ಟಿಗೆಯನ್ನು ಕಾಲಿನಿಂದ ಬದಿಗೆ ಸರಿಸಿದ. ಟಾಲಾ ಸೇತುವೆ ಇಳಿಯುವಾಗ ಗಿರಿಜಾ ಬ್ರೇಕು ಒತ್ತಿದರೆ ಕಾರು ಸದ್ದಿಲ್ಲದೆ ನಿಂತಿತು. ನನಗೆ ಆಗಲೂ ಹೆದರಿಕೆ ಹೋಗಲಿಲ್ಲ. ಹಿಂದಿನ ಗಾಜಿನಲ್ಲಿ ತಿರುಗಿ ನೋಡಿದೆ, ಗ್ಯಾರೇಜು ಕಾಣಲಿಲ್ಲ.

ಬಸವಣ್ಣಿಯ ಲಾರಿಯ ಸದ್ದು ಅವತ್ತು ನಾನು ಕೇಳಿದ್ದೆ. ಏನೆಂದೂ ಗೊತ್ತಿತ್ತು. ರೊಟ್ಟಿ ಬಡಿಸಿ ಕಳಿಸಿದೆ. ಖಾನಾವಳಿಗೆ ಹಿಂದಿನ ಗೋಡೆ ಕಟ್ಟಿಸುತ್ತಿದ್ದ ದಿನಗಳು ಅವು. ಅಂಗಳದಲ್ಲಿ ಇಟ್ಟಿಗೆಯ ರಾಶಿಯೇ ಬಿದ್ದಿತ್ತು.