ಭಾಗಾಕಾರದಲ್ಲಿ ಸ್ವಾಮಿ ಪಾಲು

ನಮ್ಮ ದೊಡ್ಡಪ್ಪನಿಗೆ ತಿಳಿಯದ ವಿಷಯ ಪ್ರಪಂಚದಲ್ಲೇ ಇರಲಿಲ್ಲ, ಅವರನ್ನೇ ಕೇಳಿದರೆ. ಹತ್ತಿ ಯಾವಾಗ ಬಿಡಿಸಬೇಕು, ಎತ್ತಿಗೆ ಹೊಟ್ಟೆ ಉಬ್ಬರಿಸಿದರೆ ಏನು ಕುಡಿಸಬೇಕು, ಹೆಣ್ಣುಮಕ್ಕಳು ಎಷ್ಟು ಓದಬೇಕು, ಎಲ್ಲಕ್ಕೂ ಅವರ ಹತ್ತಿರ ಉತ್ತರ ಸಿದ್ಧ. ಕೊಯಮತ್ತೂರಿನ ಹತ್ತಿರ, ಸೂಲೂರಿನ ಆಚೆ ನಮ್ಮ ತೋಟದ ಮನೆ. ದೊಡ್ಡಪ್ಪ, ದೊಡ್ಡಮ್ಮ, ಅವರ ಇಬ್ಬರು ಗಂಡುಮಕ್ಕಳು, ನಮ್ಮಪ್ಪ, ಅಮ್ಮ, ನಾನು, ನನ್ನ ತಂಗಿ, ಒಟ್ಟು ಎಂಟು ಜನಕ್ಕೆ ಒಂದೇ ಒಲೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನನ್ನನ್ನು ಐದನೇ ಕ್ಲಾಸಿಗೆ ಬಿಡಿಸಿದ್ದು ದೊಡ್ಡಪ್ಪನೇ. "ಬಸ್ಸಿನ ಬೋರ್ಡು ಓದೋಕೆ ಬಂತಲ್ಲ, ಸಾಕು" ಅಂದಿದ್ದರು. ಆವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಆತುರವೂ ನನಗಿಲ್ಲ.

ನಯಾ ಪೈಸೆ ಬಂದ ಮಾರನೇ ವರ್ಷ ತಂಗಿಯ ಸರದಿ ಬಂತು. ಅವಳು ಐದನೇ ಕ್ಲಾಸಿನಲ್ಲಿದ್ದಳು. ಮುಂದೆ ಫಸ್ಟ್ ಫಾರಂ, ಅಂದರೆ ಆರನೇ ಕ್ಲಾಸು ಓದಬೇಕೆಂದರೆ ಕೊಯಮತ್ತೂರಿಗೆ ಬಸ್ಸಿನಲ್ಲಿ ಹೋಗಬೇಕು. ಅವಳಿಗೆ ಓದುವ ಆಸೆ ಎಷ್ಟಿತ್ತೆಂದರೆ ಪೊಟ್ಟಣ ಕಟ್ಟಿ ಬಂದ ಕಾಗದವನ್ನೂ ಬಿಡುತ್ತಿರಲಿಲ್ಲ. ಆದರೆ ಭಾಗಾಕಾರ ಮಾತ್ರ ಬರುತ್ತಿರಲಿಲ್ಲ. ದೊಡ್ಡಪ್ಪನಿಗೆ ಅಷ್ಟೇ ಸಾಕಾಯಿತು. "ರಜಾ ಬಂದಾಗ ಎಲ್ಲರ ಎದುರಿಗೆ ನಾನೇ ಲೆಕ್ಕ ಕೇಳ್ತೀನಿ. ಬಂದ್ರೆ ಓದ್ಲಿ. ಬರ್ದಿದ್ರೆ ಅಕ್ಕನ ಜತೆ ಹಿಟ್ಟು ರುಬ್ಲಿ" ಅಂದರು. ಅಪ್ಪ ಎಂದಿನಂತೆ ತಮ್ಮ ಕಾಲುಗುರು ನೋಡಿಕೊಂಡು ಕೂತಿದ್ದರು. ಅಣ್ಣನ ಎದುರಿಗೆ ನಮ್ಮಪ್ಪನಿಗೆ ಉಗುರು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಅವಳಿಗೆ ಪಾಠ ಹೇಳಲು ಒಬ್ಬ ವಾಧ್ಯಾರನ್ನು ಗೊತ್ತುಮಾಡಿದ್ದರು. ದಿನಾ ಸಂಜೆ ಬಂದು ಜಗಲಿಯಲ್ಲಿ ಕಾಲು ಚಾಚಿ ಕೂತು, ಮೊದಲು ಕಾಪಿ ಕುಡಿದು, ಆಮೇಲೆ ನಶ್ಯ ಏರಿಸಿ, ಕೊನೆಗೆ ಬೆತ್ತ ತೆಗೆಯುತ್ತಿದ್ದ. ಆತನ ವಿದ್ಯೆ ಅಷ್ಟಕ್ಕೇ ಮುಗಿಯುತ್ತಿತ್ತು. ಲೆಕ್ಕ ಕೊಡುವುದು, ಉತ್ತರ ನೋಡುವುದು, ಅಂಗೈ ಮೇಲೆ ಹೊಡೆಯುವುದು. "ಮಂಡೈಲ ಕಳಿಮಣ್ಣು" ಅನ್ನುತ್ತಿದ್ದ, ತಲೆಯಲ್ಲಿ ಜೇಡಿಮಣ್ಣು ತುಂಬಿದೆ ಅಂತ. ಇದು ಯಾಕೆ ಹೀಗೆ ಬರೆದೆ ಮಗು ಎಂದು ಒಂದು ಸಲ, ಒಂದೇ ಒಂದು ಸಲ ಕೇಳಿದ್ದರೆ ಆತನ ನಶ್ಯದ ಡಬ್ಬಿಯೇನೂ ಖಾಲಿಯಾಗುತ್ತಿರಲಿಲ್ಲ.

ನಾನು ಕೇಳಿದೆ. ಅದಕ್ಕೂ ಮೊದಲು ಅವಳ ಸ್ಲೇಟು ನೋಡಿದೆ. ಇಪ್ಪತ್ತೈದನ್ನು ನಾಲ್ಕರಿಂದ ಭಾಗಿಸಿದರೆ ಆರು ಅಂತ ಬರೆದಿದ್ದಳು, ಉಳಿದ ಒಂದರ ಸುದ್ದಿಯೇ ಇಲ್ಲ. ಇಪ್ಪತ್ತನಾಲ್ಕನ್ನು ನಾಲ್ಕರಿಂದ ಭಾಗಿಸಿದರೆ ಐದು ಅಂತ ಬರೆದಿದ್ದಳು! ಸರಿಯಾಗಿ ಹೋಗುವ ಲೆಕ್ಕಕ್ಕೆಲ್ಲ ಒಂದು ಕಡಿಮೆ, ಉಳಿಯುವ ಲೆಕ್ಕಕ್ಕೆಲ್ಲ ಶೇಷವೇ ಇಲ್ಲ. ದಡ್ಡರು ಇಷ್ಟು ಕ್ರಮವಾಗಿ ತಪ್ಪು ಮಾಡುವುದಿಲ್ಲ ಅನ್ನಿಸಿತು. ಹಿತ್ತಲಿನ ರುಬ್ಬುವ ಕಲ್ಲಿನ ಹತ್ತಿರ ಕೂರಿಸಿಕೊಂಡು ಇಪ್ಪತ್ತನಾಲ್ಕು ಹುಣಸೆಬೀಜ ಅವಳ ಕೈಗೆ ಹಾಕಿ, "ನಾಲ್ಕು ಜನಕ್ಕೆ ಹಂಚು ಕಣ್ಣು" ಅಂದೆ. ಕಣ್ಣು ಅಂತಲೇ ನಾನು ಅವಳನ್ನು ಮುದ್ದಾಗಿ ಕರೆಯುತ್ತಿದ್ದದ್ದು.

ಅವಳು ಮೊದಲು ಒಂದು ಬೀಜ ತೆಗೆದು ಗೋಡೆಯ ಬುಡದಲ್ಲಿಟ್ಟಳು. ಆಮೇಲೆ ಹಂಚಲು ಶುರುಮಾಡಿದಳು. ಐದೈದು ಆಯಿತು, ಮೂರು ಉಳಿಯಿತು. ಆ ಮೂರನ್ನೂ ಗೋಡೆಯ ಬುಡಕ್ಕೆ ಸೇರಿಸಿ ಕೈ ಒರೆಸಿಕೊಂಡಳು.

"ಅದ್ಯಾಕೆ ಅಲ್ಲಿಟ್ಟೆ?"

"ಸ್ವಾಮಿ ಪಾಲು ಅಕ್ಕ. ದೊಡ್ಡಪ್ಪ ಯಾವಾಗ್ಲೂ ಹಾಗೇ ತಾನೆ ಹಂಚೋದು?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳು ಹೇಳಿದ್ದು ನಿಜ. ಮನೆಗೆ ಹಣ್ಣು ಬರಲಿ, ಬೆಲ್ಲದುಂಡೆ ಬರಲಿ, ಹಂಚುವುದು ದೊಡ್ಡಪ್ಪನ ಕೈಯಿಂದಲೇ ಆಗಬೇಕು. ಮೊದಲು ಒಂದನ್ನು ತೆಗೆದು ದೀಪದ ಮುಂದಿನ ಹಿತ್ತಾಳೆ ತಟ್ಟೆಯಲ್ಲಿಟ್ಟು, ಕಾರಮಡೈ ರಂಗನಾಥನಿಗೆ ಅಂತ ಕಣ್ಣು ಮುಚ್ಚುತ್ತಿದ್ದರು. ಆಮೇಲೆ ತಲೆಗಿಷ್ಟು ಅಂತ ಕೊಟ್ಟು, ಸಮನಾಗಿ ಹೋಗದೆ ಉಳಿದದ್ದನ್ನೂ ಅದೇ ತಟ್ಟೆಗೆ ಸೇರಿಸುತ್ತಿದ್ದರು. ಸಂಜೆಯ ಹೊತ್ತಿಗೆ ತಟ್ಟೆ ಖಾಲಿ. ಸಿಪ್ಪೆ ದೊಡ್ಡಪ್ಪನ ಕೋಣೆಯ ಕಿಟಕಿಯ ಕೆಳಗೆ ಬಿದ್ದಿರುತ್ತಿತ್ತು. ರಂಗನಾಥ ಕಾರಮಡೈಯಿಂದ ನಡೆದು ಬಂದು ನಮ್ಮ ದೊಡ್ಡಪ್ಪನ ಕೋಣೆಯಲ್ಲಿ ಕೂತು ತಿನ್ನುತ್ತಾನೆಂದು ನಂಬುವಷ್ಟು ಭಕ್ತಿ ನನಗಿರಲಿಲ್ಲ. ತಂಗಿಗಿತ್ತು. ಆ ಭಕ್ತಿಗೇ ಅವಳು ದಿನಾ ಏಟು ತಿನ್ನುತ್ತಿದ್ದಳು.

"ಸ್ಕೂಲ್ ಲೆಕ್ಕದಲ್ಲಿ ಸ್ವಾಮಿ ಇಲ್ಲ ಕಣ್ಣು. ಇರೋದನ್ನೆಲ್ಲ ಹಂಚಬೇಕು. ಹಂಚೋಕಾಗದೆ ಉಳಿದದ್ದು ಮೀದಿ. ಅದನ್ನ ಬಚ್ಚಿಡಬಾರ್ದು, ಎಲ್ಲರಿಗೂ ಕಾಣೋ ಹಾಗೆ ಬರೀಬೇಕು."

"ಸ್ವಾಮಿಗೆ ಕೋಪ ಬರಲ್ವಾ?"

"ನ್ಯಾಯವಾಗಿ ಹಂಚಿದ್ರೆ ಯಾವ ಸ್ವಾಮಿಗೂ ಕೋಪ ಬರಲ್ಲ. ನೀನು ಕೊಡಬೇಕು ಅಂದ್ರೆ ಹಂಚಿದ ಮೇಲೆ ನಿನ್ನ ಪಾಲಲ್ಲಿ ಕೊಡು."

ಇದು ಅವಳಿಗೆ ಒಪ್ಪಿಗೆಯಾಯಿತು. ಬೆತ್ತದಿಂದ ತಿಂಗಳುಗಟ್ಟಲೆ ಬಾರದ ಭಾಗಾಕಾರ ಹುಣಸೆಬೀಜದಿಂದ ಅದೇ ಸಂಜೆ ಬಂತು. ದಶಮಾಂಶವನ್ನು ಕಬ್ಬಿನಿಂದ ಹೇಳಿಕೊಟ್ಟೆ. ವಾಧ್ಯಾರ್ ಅದಕ್ಕೆ ಹೇಳಿದ್ದು ಇಷ್ಟೇ: ಪುಳ್ಳಿ ಇಡು, ಸೊನ್ನೆ ಇಳಿಸು. ಪುಳ್ಳಿ ಅಂದರೆ ಚುಕ್ಕಿ. ಅದನ್ನು ಯಾಕಿಡಬೇಕೆಂದು ಆತನಿಗೂ ತಿಳಿದಿರಲಿಲ್ಲ ಅಂತ ನನ್ನ ಗುಮಾನಿ. ನಾನು ಎರಡು ಕಬ್ಬಿನ ಜಲ್ಲೆ ತಂದು, ಇದನ್ನು ಐದು ಜನಕ್ಕೆ ಹಂಚು ಅಂದೆ. ಆಗಲ್ಲ ಅಂದಳು. ಒಂದೊಂದು ಜಲ್ಲೆಯನ್ನೂ ಹತ್ತು ತುಂಡು ಮಾಡಿದೆವು. ಇಪ್ಪತ್ತು ತುಂಡಾಯಿತು, ಒಬ್ಬೊಬ್ಬರಿಗೆ ನಾಲ್ಕು. "ಇಡೀ ಜಲ್ಲೆ ಯಾರಿಗೂ ಸಿಗ್ಲಿಲ್ಲ, ಅದಕ್ಕೆ ಸೊನ್ನೆ. ಹತ್ತರಲ್ಲಿ ನಾಲ್ಕು ತುಂಡು ಸಿಕ್ತು, ಅದಕ್ಕೆ ಪುಳ್ಳಿ ಇಟ್ಟು ನಾಲ್ಕು. ತುಂಡೂ ಉಳಿದ್ರೆ ಅದನ್ನ ಮತ್ತೆ ಹತ್ತು ಮಾಡು" ಅಂದೆ. ಅವಳು ಕಬ್ಬು ಜಗಿಯುತ್ತಾ, "ಅಂದ್ರೆ ಯಾವುದನ್ನ ಬೇಕಾದ್ರೂ ಹಂಚಬಹುದಾ ಅಕ್ಕ?" ಅಂತ ಕೇಳಿದಳು.

ರಜಾ ಬಂತು. ದೊಡ್ಡಪ್ಪ ಜಗಲಿಯಲ್ಲಿ ದರ್ಬಾರು ಕೂಡಿಸಿದರು. ಮನೆಯವರೆಲ್ಲ ಇದ್ದೆವು, ವಾಧ್ಯಾರೂ ಇದ್ದ. ಆವತ್ತೇ ಕಾರಮಡೈಯ ನೆಂಟರು ಬಾಳೆಹಣ್ಣು ಕಳಿಸಿದ್ದರು. ದೊಡ್ಡಪ್ಪ ಅದನ್ನೇ ಮುಂದಿಟ್ಟುಕೊಂಡು, "ಇಪ್ಪತ್ನಾಲ್ಕು ಹಣ್ಣು, ಮನೇಲಿ ಎಂಟು ಜನ. ಒಬ್ಬೊಬ್ಬರಿಗೆ ಎಷ್ಟು ಪಾಪಾ?" ಅಂದರು.

"ಮೂರು ದೊಡ್ಡಪ್ಪ. ಮೀದಿ ಇಲ್ಲ."

ದೊಡ್ಡಪ್ಪ ಹೊಟ್ಟೆ ಕುಣಿಸಿ ನಕ್ಕರು. "ನೋಡಿದ್ರಾ? ಎರಡೆರಡು ಬರುತ್ತೆ. ನಾನು ಹುಟ್ಟಿದಾಗ್ಲಿಂದ ಹಂಚ್ತಿದೀನಿ, ನನಗೆ ಗೊತ್ತಿಲ್ವಾ? ಏನ್ ವಾಧ್ಯಾರೇ?"

ವಾಧ್ಯಾರ್ ಹಣ್ಣನ್ನೂ ನೋಡಲಿಲ್ಲ, ಲೆಕ್ಕವನ್ನೂ ನೋಡಲಿಲ್ಲ. ದೊಡ್ಡಪ್ಪನ ಮುಖ ನೋಡಿ, "ಆಮಾಂಗ, ರೆಂಡುದಾನುಂಗ" ಅಂದುಬಿಟ್ಟ. ಹೌದು ಸ್ವಾಮಿ, ಎರಡೇ ಅಂತ! ಒಂದು ಲೋಟ ಕಾಪಿಗೆ ಎಂಟರ ಮಗ್ಗಿಯನ್ನೇ ಮಾರಿಕೊಂಡ ಮನುಷ್ಯನನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ತಂಗಿ ಅಳುತ್ತಾಳೆ ಅಂದುಕೊಂಡೆ. ಅವಳು ಅಳಲಿಲ್ಲ. ಹಣ್ಣುಗಳನ್ನು ಒಂದೊಂದಾಗಿ ಕಿತ್ತು ಎಲ್ಲರ ಮುಂದೆ ಇಡುತ್ತಾ ಹೋದಳು. ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಎಂಟು ಜನರ ಮುಂದೂ ಮೂರು ಮೂರು. ಅವಳ ಕೈ ಖಾಲಿ, ಹಿತ್ತಾಳೆ ತಟ್ಟೆಯೂ ಖಾಲಿ.

"ಸ್ವಾಮಿ ಪಾಲೆಲ್ಲಿ?" ದೊಡ್ಡಪ್ಪನ ದನಿ ಏರಿತು.

ಅವಳು ತನ್ನ ಮೂರರಲ್ಲಿ ಒಂದನ್ನು ಒಯ್ದು ತಟ್ಟೆಯಲ್ಲಿಟ್ಟು ಕೈಮುಗಿದು ಬಂದಳು. "ನನ್ನದ್ರಲ್ಲಿ ಕೊಟ್ಟೆ ದೊಡ್ಡಪ್ಪ. ನೀವೂ ನಿಮ್ಮದ್ರಲ್ಲಿ ಕೊಡಿ."

ಆಗ ನಮ್ಮಪ್ಪ ಒಂದು ಹಣ್ಣು ಸುಲಿದರು. ಅಣ್ಣ ತಿನ್ನುವ ಮೊದಲು ನೀರೂ ಕುಡಿಯದ ನಮ್ಮಪ್ಪ, ಅಣ್ಣನ ಎದುರಿಗೇ ಒಂದಾದ ಮೇಲೆ ಒಂದು ಮೂರೂ ತಿಂದು ಮುಗಿಸಿದರು. "ಲೆಕ್ಕ ಸರಿ ಇದೆ ಅಣ್ಣಾ. ಸೋಮವಾರ ಕೊಯಮತ್ತೂರಿಗೆ ಕರ್ಕೊಂಡ್ ಹೋಗಿ ಸೇರಿಸಿ ಬರ್ತೀನಿ" ಅಂದರು. ನನ್ನ ಕಾಲಕ್ಕೆ ಈ ಬಾಯಿ ಎಲ್ಲಿಗೆ ಹೋಗಿತ್ತೋ ಎಂದು ಸಿಟ್ಟು ಬಂತು. ಸಂತೋಷವೂ ಆಯಿತು.

ದೊಡ್ಡಪ್ಪ ತಮ್ಮ ಮೂರು ಹಣ್ಣು ಎತ್ತಿಕೊಂಡು ಒಳಗೆ ಹೋದರು. ತಟ್ಟೆಗೆ ಒಂದನ್ನೂ ಹಾಕಲಿಲ್ಲ.

ಮಾರನೇ ಬೆಳಗ್ಗೆ ತಂಗಿಯ ಹಣ್ಣು ತಟ್ಟೆಯಲ್ಲೇ ಇತ್ತು. ಎಲ್ಲರ ಕಣ್ಣೂ ಅದರ ಮೇಲೇ ಇದ್ದದ್ದರಿಂದ ರಂಗನಾಥನಿಗೆ ಆವತ್ತು ಹಸಿವಾಗಲಿಲ್ಲ. ತಂಗಿ ಅದನ್ನು ಪ್ರಸಾದ ಅಂತ ತೆಗೆದು, ಸ್ಲೇಟಿನ ಮೇಲೆ ಒಂದನ್ನು ಎಂಟರಿಂದ ಭಾಗಿಸಿ, ಚಾಕುವಿನಿಂದ ಬಿಲ್ಲೆ ಬಿಲ್ಲೆಯಾಗಿ ಎಂಟು ತುಂಡು ಮಾಡಿದಳು. ದೊಡ್ಡಪ್ಪನ ಅಂಗೈಯಲ್ಲಿ ಒಂದು ಬಿಲ್ಲೆ ಇಟ್ಟು, "ಸೊನ್ನೆ ಪುಳ್ಳಿ ಒಂದು ಎರಡು ಐದು" ಅಂದಳು. ಅವರಿಗೆ ಅದೇನೆಂದು ಅರ್ಥವಾಗಲಿಲ್ಲ. ಕೇಳಿದರೆ ಗೊತ್ತಿಲ್ಲ ಅಂತ ಒಪ್ಪಿಕೊಂಡಂತಾಗುತ್ತದಲ್ಲ, ಸುಮ್ಮನೆ ಬಾಯಿಗೆ ಹಾಕಿಕೊಂಡರು.